ಕೇಸರಿಬಾತಿನ ಬಣ್ಣವೂ ಹಣೆಯ ಕುಂಕುಮವೂ



ಅರಸೀಕೆರೆಯ ಸೋದರಿಯೊಬ್ಬರು ಒಂದೇ ಕಾಗದದಲ್ಲಿ ಮೂರು ಪ್ರಶ್ನೆ ಕೇಳಿದ್ದಾರೆ. "ಗೋಬಿ ಮಂಚೂರಿಗೆ ಬಣ್ಣ ಹಾಕಬಾರದು ಅಂತ ಸರ್ಕಾರದವರು ಹೇಳಿದರಲ್ಲ, ಹಾಗಾದರೆ ಕೇಸರಿಬಾತಿಗೆ ಹಾಕುವ ಬಣ್ಣವೂ ವಿಷವೇ? ಅಂಗಡಿ ಕುಂಕುಮದಲ್ಲೂ ಅಂಥದೇ ಬಣ್ಣ ಇರುತ್ತೆ ಅಂತಾರೆ, ನಿಜವೇ? ಬಣ್ಣದ ಸೀರೆ ಉಟ್ಟರೂ ಕಾಯಿಲೆ ಬರುತ್ತೆ ಅಂತ ನಮ್ಮ ನಾದಿನಿ ಹೆದರಿಸ್ತಾಳೆ, ಏನು ಮಾಡಲಿ?"

ಪ್ರಶ್ನೆ ಮೂರಾದರೂ ಉತ್ತರ ಇರುವುದು ಒಂದೇ ಮನೆತನದಲ್ಲಿ. ಆ ಮನೆತನಕ್ಕೆ ಅಜೋ ಬಣ್ಣಗಳು ಅಂತ ಹೆಸರು. ಇಂದು ಜಗತ್ತಿನಲ್ಲಿ ತಯಾರಾಗುವ ಕೃತಕ ಬಣ್ಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಮನೆತನಕ್ಕೇ ಸೇರಿದವು. ನಾನು ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದವಳು. ಆದರೆ ಮಗಳ ಸೆಕೆಂಡ್ ಪಿಯುಸಿ ಕೆಮಿಸ್ಟ್ರಿ ಪುಸ್ತಕ ಮನೆಯಲ್ಲಿದೆ, ಮಗಳೂ ಇದ್ದಾಳೆ. ಅವಳಿಗೆ ದೋಸೆ ಹುಯ್ದು ಕೊಡುತ್ತಾ ಕೇಳಿ ತಿಳಿದುಕೊಂಡದ್ದನ್ನು ನಮ್ಮ ಮಾತಿನಲ್ಲೇ ಹೇಳುತ್ತೇನೆ.

ಮೊದಲು ಸುದ್ದಿ ಏನು ಅಂತ ಸರಿಯಾಗಿ ತಿಳಿದುಕೊಳ್ಳೋಣ. 2024ರ ಮಾರ್ಚ್ 11ರಂದು ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಗೋಬಿ ಮಂಚೂರಿಗೂ ಬೊಂಬಾಯಿ ಮಿಠಾಯಿಗೂ (ಈಗಿನ ಮಕ್ಕಳು ಕಾಟನ್ ಕ್ಯಾಂಡಿ ಅಂತಾರೆ) ಕೃತಕ ಬಣ್ಣ ಬಳಸುವುದನ್ನು ರಾಜ್ಯದಲ್ಲಿ ನಿಷೇಧಿಸಿದ್ದಾಗಿ ಪ್ರಕಟಿಸಿದರು. ಅದಕ್ಕೆ ಮೊದಲು ಗೋಬಿಯ 171 ಮಾದರಿಗಳನ್ನು ತಂದು ಪರೀಕ್ಷೆ ಮಾಡಿಸಿದ್ದರು, 107 ಅಸುರಕ್ಷಿತ ಅಂತ ಬಂದವು. ಬೊಂಬಾಯಿ ಮಿಠಾಯಿಯ 25ರಲ್ಲಿ 15 ಹಾಗೇ ಬಂದವು. ಗೋಬಿಯಲ್ಲಿ ಸಿಕ್ಕ ಬಣ್ಣಗಳು ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೊ, ಕಾರ್ಮೊಯ್ಸಿನ್. ಮೂರೂ ಅಜೋ ಮನೆತನದ ಮಕ್ಕಳೇ. ಮಿಠಾಯಿಯಲ್ಲಿ ಇವುಗಳ ಜೊತೆ ರೋಡಮಿನ್-ಬಿ ಎನ್ನುವ ಗುಲಾಬಿ ಬಣ್ಣವೂ ಇತ್ತು. ಅದು ಬೇರೆ ಮನೆತನದ್ದು, ಬಟ್ಟೆ ಕಾಗದಗಳಿಗೆ ಹಾಕುವಂಥದು, ಯಾವ ತಿಂಡಿಗೂ ಹಾಕಬಾರದು. ಅದೇ ವರ್ಷ ಜೂನಿನಲ್ಲಿ ಕಬಾಬಿಗೂ ಈ ನಿಷೇಧ ಬಂತು. ಅಲ್ಲಿ 39 ಮಾದರಿಗಳಲ್ಲಿ 8ರಲ್ಲಿ ಸನ್‌ಸೆಟ್ ಯೆಲ್ಲೊ, ಕಾರ್ಮೊಯ್ಸಿನ್ ಸಿಕ್ಕಿದ್ದವು.

ಇಲ್ಲೇ ಒಂದು ಗೊಂದಲ ಹುಟ್ಟುತ್ತದೆ. ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೊ, ಕಾರ್ಮೊಯ್ಸಿನ್ ಮೂರೂ ನಮ್ಮ ದೇಶದಲ್ಲಿ ತಿನ್ನುವ ಪದಾರ್ಥಕ್ಕೆ ಹಾಕಬಹುದು ಅಂತ ಒಪ್ಪಿಗೆ ಪಡೆದ ಬಣ್ಣಗಳು! ಹಾಗೆ ಒಪ್ಪಿಗೆ ಪಡೆದ ಕೃತಕ ಬಣ್ಣಗಳು ಎಂಟು. ಅವುಗಳಲ್ಲಿ ನಾಲ್ಕು ಅಜೋ ಮನೆತನದವು, ಈ ಮೂರು ಮತ್ತು ಪಾನ್ಸೋ 4ಆರ್ ಎನ್ನುವ ಇನ್ನೊಂದು ಕೆಂಪು. ಐಸ್‌ಕ್ರೀಂ, ಬಿಸ್ಕತ್ತು, ಸಿಹಿತಿಂಡಿ, ಪೆಪ್ಪರ್‌ಮೆಂಟು, ಕಸ್ಟರ್ಡ್ ಪುಡಿ ಇಂಥ ಗೊತ್ತುಮಾಡಿದ ಪದಾರ್ಥಗಳಿಗೆ, ಗೊತ್ತುಮಾಡಿದ ಅಳತೆಯಲ್ಲಿ ಮಾತ್ರ ಹಾಕಬಹುದು. ಗೋಬಿ, ಕಬಾಬು ಆ ಪಟ್ಟಿಯಲ್ಲಿಲ್ಲ. ಬೇಳೆ, ಅರಿಶಿನ, ಮೆಣಸಿನ ಪುಡಿಗಳಂತೂ ಇಲ್ಲವೇ ಇಲ್ಲ.

ಒಂದೇ ಮನೆತನದಲ್ಲಿ ಕೆಲವಕ್ಕೆ ಒಪ್ಪಿಗೆ, ಕೆಲವಕ್ಕೆ ಬಹಿಷ್ಕಾರ ಯಾಕೆ? ಅದು ತಿಳಿಯಬೇಕಾದರೆ ಅಜೋ ಬಣ್ಣ ಅಂದರೆ ಏನು ಅಂತ ನೋಡಬೇಕು.

ಕಲ್ಲಿದ್ದಲ ಡಾಂಬರಿನಿಂದ (ಈಗ ಪೆಟ್ರೋಲಿಯಮ್ಮಿನಿಂದ) ಬೆನ್ಜೀನ್ ಅಂತ ಒಂದು ದ್ರವ ಬರುತ್ತದೆ. ಆರು ಇಂಗಾಲದ ಪರಮಾಣುಗಳು ಕೈಕೈ ಹಿಡಿದು ಸುತ್ತು ನಿಂತಿರುವ ರಚನೆ ಅದರದು. ಅದನ್ನು ಒಂದು ಬಳೆ ಅಂದುಕೊಳ್ಳಿ. ಇಂಥ ಎರಡು ಬಳೆಗಳ ನಡುವೆ ಎರಡು ಸಾರಜನಕದ ಪರಮಾಣು ಸೇರಿಸಿ ಗಂಟು ಹಾಕಿದರೆ ಅಜೋ ಬಣ್ಣವಾಯಿತು. ಗಂಟು ಬಿದ್ದಮೇಲೆ ಎರಡೂ ಬಳೆಗಳ ಎಲೆಕ್ಟ್ರಾನುಗಳು ಒಂದೇ ಮನೆಯವರಂತೆ ಆ ಕಡೆಯಿಂದ ಈ ಕಡೆಗೆ ಓಡಾಡತೊಡಗುತ್ತವೆ, ಬೆಳಕಿನಲ್ಲಿರುವ ನೀಲಿ, ಹಸಿರು ಭಾಗವನ್ನು ನುಂಗಿಕೊಳ್ಳುತ್ತವೆ. ಉಳಿದು ನಮ್ಮ ಕಣ್ಣಿಗೆ ಬೀಳುವುದು ಹಳದಿ, ಕಿತ್ತಳೆ, ಕೆಂಪು. ಬಳೆಗಳಿಗೆ ಏನೇನು ಅಂಟಿಸುತ್ತೀರಿ ಅನ್ನುವುದರ ಮೇಲೆ ಬಣ್ಣ ಬದಲಾಗುತ್ತದೆ. ಹೀಗೆ ಬಳೆ ಬದಲಿಸಿ ಬದಲಿಸಿ ಸಾವಿರಾರು ಬಣ್ಣ ಮಾಡಿದ್ದಾರೆ.

ಈ ಗಂಟು ಹಾಕುವ ದಾರಿ ತೋರಿಸಿದವನು ಪೀಟರ್ ಗ್ರೀಸ್ ಎಂಬ ಜರ್ಮನಿಯವನು, 1858ರಲ್ಲಿ. ಮುಂದೆ ಅವನು ಬಹಳ ವರ್ಷ ಇಂಗ್ಲೆಂಡಿನಲ್ಲಿ ಬಿಯರ್ ಮಾಡುವ ಕಡೆ ನೌಕರಿ ಮಾಡಿಕೊಂಡೇ ಈ ಸಂಶೋಧನೆ ಮುಂದುವರಿಸಿದನಂತೆ.

ಪಿಯುಸಿ ಮಕ್ಕಳು ಲ್ಯಾಬಿನಲ್ಲಿ ಇದನ್ನು ಕೈಯಾರೆ ಮಾಡುತ್ತಾರೆ. ಅನಿಲಿನ್ ಎಂಬ ಎಣ್ಣೆಯಂಥ ದ್ರವಕ್ಕೆ ಹೈಡ್ರೋಕ್ಲೋರಿಕ್ ಆಮ್ಲ, ಸೋಡಿಯಂ ನೈಟ್ರೈಟ್ ಸೇರಿಸಿ ಐಸಿನಲ್ಲಿ ಇಡಬೇಕು. ಶಾಖ 5 ಡಿಗ್ರಿ ಮೀರಬಾರದು, ಮೀರಿದರೆ ಒಡೆದ ಹಾಲಿನಂತೆ ಕೆಟ್ಟುಹೋಗಿ ಸಾರಜನಕ ಗುಳ್ಳೆಗುಳ್ಳೆಯಾಗಿ ಹಾರಿಹೋಗುತ್ತದೆ. ತಣ್ಣಗಿರುವಾಗಲೇ ಬೀಟಾ-ನ್ಯಾಫ್ತಾಲ್ ದ್ರಾವಣಕ್ಕೆ ಹುಯ್ದರೆ ತಟ್ಟನೆ ಕಿತ್ತಳೆಗೆಂಪು ಬಣ್ಣ. ನಮ್ಮ ನೇಕಾರರ ಕಡೆ ನ್ಯಾಫ್ತಾಲ್ ಬಣ್ಣ ಹಾಕುವವರೂ ಇದನ್ನೇ ಮಾಡುತ್ತಾರೆ, ನೂಲನ್ನು ಮೊದಲು ಒಂದು ದ್ರಾವಣಕ್ಕೆ, ಆಮೇಲೆ ಐಸು ಹಾಕಿದ ಇನ್ನೊಂದಕ್ಕೆ ಅದ್ದುತ್ತಾರೆ. ಬಣ್ಣ ಹುಟ್ಟುವುದೇ ನೂಲಿನ ಒಳಗೆ. ಅದಕ್ಕೇ ನೀರಿಗೆ ಬಿಡದು.

ಲ್ಯಾಬಿನಲ್ಲಿ ಹುಡುಗಿಯರು ಮಾಡುವ ಆ ಕಿತ್ತಳೆಗೆಂಪಿಗೆ ಮಾರುಕಟ್ಟೆಯಲ್ಲಿ ಬೇರೆ ಹೆಸರಿದೆ, ಸೂಡಾನ್-1. ಈ ಹೆಸರು ನೆನಪಿರಲಿ.

ಈಗ ಮುಖ್ಯ ಮಾತು. ಮದುವೆಯ ಬ್ರಹ್ಮಗಂಟು ಬಿಚ್ಚಬಾರದು ಅಂತಾರೆ, ಆದರೆ ಈ ಸಾರಜನಕದ ಗಂಟು ನಮ್ಮ ಹೊಟ್ಟೆಯಲ್ಲಿ ಬಿಚ್ಚುತ್ತದೆ. ಕರುಳಿನಲ್ಲಿರುವ ಬ್ಯಾಕ್ಟೀರಿಯಾಗಳು, ಸ್ವಲ್ಪ ಮಟ್ಟಿಗೆ ನಮ್ಮ ಈಲಿ, ಅಜೋ ಬಣ್ಣವನ್ನು ಸರಿಯಾಗಿ ನಡುವೆ ಕತ್ತರಿಸಿ ಎರಡು ತುಂಡು ಮಾಡುತ್ತವೆ. ಬಣ್ಣ ಒಳ್ಳೆಯದೋ ಕೆಟ್ಟದೋ ಅನ್ನುವುದು ಬಹುಮಟ್ಟಿಗೆ ಆ ತುಂಡುಗಳು ಎಂಥವು ಅನ್ನುವುದರ ಮೇಲಿದೆ.

ತುಂಡು ಔಷಧಿಯೂ ಆಗಬಹುದು! 1930ರ ದಶಕದಲ್ಲಿ ಜರ್ಮನಿಯಲ್ಲಿ ಗೆರ್ಹಾರ್ಡ್ ಡೊಮಾಕ್ ಎಂಬ ವೈದ್ಯ ಪ್ರೊಂಟೊಸಿಲ್ ಎಂಬ ಕೆಂಪು ಅಜೋ ಬಣ್ಣ ಇಲಿಗಳ ರಕ್ತದ ಸೋಂಕು ವಾಸಿಮಾಡುವುದನ್ನು ಕಂಡಿದ್ದ. 1935ರ ಕೊನೆಯಲ್ಲಿ ಅವನ ಪುಟ್ಟ ಮಗಳ ಕೈಗೆ ಸೂಜಿ ಚುಚ್ಚಿ ಕೀವಾಗಿ, ಕೈಯನ್ನೇ ತೆಗೆಯಬೇಕು ಅನ್ನುವ ಹಂತಕ್ಕೆ ಬಂತು. ಪೆನಿಸಿಲಿನ್ ಇನ್ನೂ ಔಷಧಿಯಾಗಿ ಬಂದಿರಲಿಲ್ಲ. ತಂದೆ ಧೈರ್ಯಮಾಡಿ ಆ ಕೆಂಪು ಬಣ್ಣವನ್ನೇ ಕೊಟ್ಟ. ಮಗು ಉಳಿಯಿತು, ಕೈಯೂ ಉಳಿಯಿತು. ಆಮೇಲೆ ಪ್ಯಾರಿಸ್ಸಿನವರು ಕಂಡುಹಿಡಿದರು, ಕೆಲಸ ಮಾಡಿದ್ದು ಬಣ್ಣವಲ್ಲ, ದೇಹದೊಳಗೆ ಗಂಟು ಬಿಚ್ಚಿದಾಗ ಹೊರಬಂದ ಸಲ್ಫಾ ತುಂಡು ಅಂತ. ಡೊಮಾಕ್‌ಗೆ 1939ರ ನೊಬೆಲ್ ಬಹುಮಾನ ಬಂತು. ಇವತ್ತಿಗೂ ಸಂಧಿವಾತಕ್ಕೆ, ಕರುಳಿನ ಹುಣ್ಣಿಗೆ ಕೊಡುವ ಸಲ್ಫಸಲಜಿನ್ ಮಾತ್ರೆ ಅಜೋ ಬಣ್ಣವೇ. ಮಾತ್ರೆ ನುಂಗುವವರಿಗೆ ಮೂತ್ರ ಕಿತ್ತಳೆ ಬಣ್ಣಕ್ಕೆ ಹೋದರೆ ಹೆದರಬೇಡಿ ಅಂತ ವೈದ್ಯರು ಹೇಳುವುದು ಅದಕ್ಕೇ.

ತುಂಡು ವಿಷವೂ ಆಗಬಹುದು. ಕಾಂಗೋ ಕೆಂಪು ಅಂತ ಒಂದು ಬಣ್ಣ 1884ರಲ್ಲಿ ಬಂತು. ಪಟಿಕ ಗಿಟಿಕ ಏನೂ ಬೇಡ, ಹತ್ತಿ ಬಟ್ಟೆಯನ್ನು ನೇರವಾಗಿ ಬಿಸಿನೀರಿನಲ್ಲಿ ಅದ್ದಿದರೆ ಹಿಡಿಯುತ್ತಿತ್ತು, ಜನ ಮುಗಿಬಿದ್ದರು. ಅದನ್ನು ಕತ್ತರಿಸಿದರೆ ಸಿಗುವ ತುಂಡು ಬೆನ್ಜಿಡಿನ್. ಅದು ಮೂತ್ರಕೋಶಕ್ಕೆ ಕ್ಯಾನ್ಸರ್ ತರುವಂಥದು. ಬಣ್ಣದ ಕಾರ್ಖಾನೆಗಳಲ್ಲಿ ಅದನ್ನು ಮುಟ್ಟಿ ಉಸಿರಾಡಿ ದುಡಿದವರು ಎಷ್ಟೋ ವರ್ಷಗಳ ಮೇಲೆ ಅನುಭವಿಸಿದರು. ಬೆಣ್ಣೆಗೆ ಹಾಕುತ್ತಿದ್ದ ಬಟರ್ ಯೆಲ್ಲೊ ಎಂಬ ಇನ್ನೊಂದು ಅಜೋ ಬಣ್ಣ ಇಲಿಗಳಿಗೆ ಈಲಿಯ ಕ್ಯಾನ್ಸರ್ ತರುವುದನ್ನು 1930ರ ದಶಕದಲ್ಲಿ ಜಪಾನಿನವರು ತೋರಿಸಿದರು. ತಿಂಡಿಯ ಬಣ್ಣದ ಬಗ್ಗೆ ಲೋಕ ಎಚ್ಚೆತ್ತದ್ದರಲ್ಲಿ ಆ ಸುದ್ದಿಯ ಪಾಲು ದೊಡ್ಡದು.

ಹಾಗಾದರೆ ತಿನ್ನಬಹುದಾದ ಅಜೋ ಬಣ್ಣ ಹೇಗೆ ಮಾಡಿದರು? ಉಪಾಯ ಸರಳ. ಗಂಟಿನ ಎರಡು ಕಡೆಯ ತುಂಡಿಗೂ ಗಂಧಕ, ಆಮ್ಲಜನಕ ಸೇರಿದ ಒಂದೊಂದು ಬಾಲ ಕಟ್ಟಿದರು. ಸಲ್ಫೋನಿಕ್ ಅಂತಾರೆ ಅದಕ್ಕೆ. ಈ ಬಾಲ ನೀರನ್ನು ಬಹಳ ಪ್ರೀತಿಸುತ್ತದೆ. ಇಡೀ ಬಣ್ಣ ಕರುಳಿನಿಂದ ರಕ್ತಕ್ಕೆ ಹೀರಿಕೊಳ್ಳುವುದೇ ಕಡಿಮೆ. ಗಂಟು ಬಿಚ್ಚಿ ತುಂಡಾದರೂ ಎರಡಕ್ಕೂ ಬಾಲ ಇರುವುದರಿಂದ ಮಲಮೂತ್ರದಲ್ಲಿ ಹೊರಟುಹೋಗುತ್ತವೆ. ಸನ್‌ಸೆಟ್ ಯೆಲ್ಲೊ, ಟಾರ್ಟ್ರಜಿನ್, ಕಾರ್ಮೊಯ್ಸಿನ್, ಪಾನ್ಸೋ ನಾಲ್ಕಕ್ಕೂ ಎರಡೂ ಕಡೆ ಬಾಲವಿದೆ.

ಸೂಡಾನ್-1ಕ್ಕೆ ಎರಡು ಕಡೆಯೂ ಇಲ್ಲ. ಅದು ನೀರಿನಲ್ಲಿ ಕರಗದು, ಎಣ್ಣೆ ಕೊಬ್ಬಿನಲ್ಲಿ ಕರಗುತ್ತದೆ. ಮೇಣ, ಬೂಟ್ ಪಾಲಿಷ್ಷಿಗೆ ಸರಿ. ಬೇಳೆಗೂ ಅರಿಶಿನಕ್ಕೂ ಕದ್ದು ಹಾಕುವ ಮೆಟಾನಿಲ್ ಯೆಲ್ಲೊಗೆ ಒಂದೇ ಕಡೆ ಬಾಲ, ಇನ್ನೊಂದು ತುಂಡು ಬೋಳು. ಅದು ಅಗ್ಗ, ಬಣ್ಣ ಕಡುಹಳದಿ, ಹಳೆಯ ತೊಗರಿಬೇಳೆಯೂ ಹೊಸದರಂತೆ ಮಿರಿಮಿರಿ ಅನ್ನುತ್ತದೆ. ಅದಕ್ಕೇ ಈ ಕಳ್ಳತನ.

ಹಾಗಂತ ಬಾಲವಿರುವ ಬಣ್ಣವನ್ನು ಚಮಚದಲ್ಲಿ ಸುರಿಯಬಹುದು ಅಂತಲ್ಲ. ಕಾನೂನಿನ ಅಳತೆ ಹೆಚ್ಚಿನ ತಿಂಡಿಗಳಿಗೆ ಕಿಲೋಗೆ 100 ಮಿಲಿಗ್ರಾಂ, ಅಂದರೆ ಒಂದು ಗ್ರಾಮಿನ ಹತ್ತನೇ ಒಂದು ಭಾಗ. ಒಂದು ಲೋಟ ರವೆಯ ಕೇಸರಿಬಾತು ಮುಕ್ಕಾಲು ಕಿಲೋ ಆಗುತ್ತದೆ ಅಂದುಕೊಂಡರೆ ಅಪ್ಪಟ ಬಣ್ಣ 75 ಮಿಲಿಗ್ರಾಂ ಮಾತ್ರ. ಎರಡು ಬೆರಳಿನಲ್ಲಿ ಹಿಡಿದ ಚಿಟಿಕೆ ಅದರ ಮೂರು ನಾಲ್ಕು ಪಟ್ಟು ಇರುತ್ತದೆ ನೋಡಿ! ಅಂಗಡಿಯ ಪೊಟ್ಟಣದ ಬಣ್ಣಕ್ಕೆ ಉಪ್ಪು ಬೆರೆಸಿ ತೆಳುಮಾಡಿರುವುದೂ ಉಂಟು. ಬಣ್ಣದ ಹೆಸರು, ಎಷ್ಟು ಪಾಲು ಅಂತ ಪೊಟ್ಟಣದ ಮೇಲೆ ಓದಿಕೊಳ್ಳಿ. ಹೆಸರೇ ಇಲ್ಲದ ಬಿಡಿ ಬಣ್ಣ ಪುಕ್ಕಟೆ ಕೊಟ್ಟರೂ ಬೇಡ.

ಸನ್‌ಸೆಟ್ ಯೆಲ್ಲೊ ದಿನಕ್ಕೆ ದೇಹದ ತೂಕದ ಕಿಲೋಗೆ 4 ಮಿಲಿಗ್ರಾಂವರೆಗೆ ಅಡ್ಡಿಯಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಲೆಕ್ಕ. 15 ಕಿಲೋ ತೂಗುವ ಮಗುವಿಗೆ ಅದು 60 ಮಿಲಿಗ್ರಾಂ. ದೊಡ್ಡವರು ತಾಳಿಕೊಂಡದ್ದನ್ನು ಮಗು ತಾಳಿಕೊಳ್ಳುವುದಿಲ್ಲ. ಅದೂ ಅಲ್ಲದೆ, 2007ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದವರು ಆರು ಬಣ್ಣಗಳನ್ನು (ಅದರಲ್ಲಿ ಐದು ಅಜೋ) ಸಂರಕ್ಷಕವೊಂದರ ಜೊತೆ ಶರಬತ್ತಿನಲ್ಲಿ ಕೊಟ್ಟು ನೋಡಿದಾಗ ಕೆಲವು ಮಕ್ಕಳಲ್ಲಿ ಚಂಚಲತೆ ಹೆಚ್ಚಿತು. 2010ರಿಂದ ಯೂರೋಪಿನಲ್ಲಿ ಆ ಬಣ್ಣಗಳಿರುವ ತಿಂಡಿಯ ಮೇಲೆ ಎಚ್ಚರಿಕೆಯ ಮಾತು ಅಚ್ಚು ಹಾಕಬೇಕು. ಟಾರ್ಟ್ರಜಿನ್ ಕೆಲವರಿಗೆ ಮೈಮೇಲೆ ಪಿತ್ತದ ಗಂಧೆ ಏಳಿಸುತ್ತದೆ. ಆದ್ದರಿಂದ ಅರಸೀಕೆರೆಯ ಸೋದರಿಗೆ ನನ್ನ ಉತ್ತರ: ಕೇಸರಿಬಾತಿನ ಬಣ್ಣ, ಹೆಸರು ಅಳತೆ ಸರಿಯಿದ್ದರೆ, ವಿಷವಲ್ಲ. ಆದರೆ ಅದರಿಂದ ರುಚಿಯೂ ಇಲ್ಲ, ಪುಷ್ಟಿಯೂ ಇಲ್ಲ. ನಾನಂತೂ ತರುವುದನ್ನು ಬಿಟ್ಟಿದ್ದೇನೆ.

ಇನ್ನು ಕುಂಕುಮ. ಇದು ನಮ್ಮ ಮನೆಯಲ್ಲೇ ಕಂಡ ಸಂಗತಿ. ನನ್ನ ಓರಗಿತ್ತಿಗೆ ಹಣೆಯ ಮಧ್ಯೆ ಮೊದಲು ನವೆ, ಆಮೇಲೆ ರೂಪಾಯಿ ಅಗಲ ಕಪ್ಪು ಕಲೆ. ಚರ್ಮದ ಡಾಕ್ಟರು ಅಂಗಡಿ ಕುಂಕುಮ ನಿಲ್ಲಿಸಿ ಅಂದರು. ಅತ್ತೆಯವರಿಗೆ ಕಣ್ಣಲ್ಲಿ ನೀರು, "ಮುತ್ತೈದೆ ಹಣೆ ಬರಿದಾಗಿ ಇರಬಾರದಮ್ಮ" ಅಂತ. ಓರಗಿತ್ತಿ ಪಾಪ, ಡಾಕ್ಟರ ಮಾತು ಕೇಳಬೇಕೋ ಅತ್ತೆಯ ಮಾತು ಕೇಳಬೇಕೋ ಅಂತ ನಾಲ್ಕು ದಿನ ಒಳಗೊಳಗೇ ಕೊರಗಿದಳು.

ಕುಂಕುಮ ಅಂದರೆ ಮೊದಲಿನಿಂದ ಅರಿಶಿನದ್ದೇ. ಆರತಿ ತಟ್ಟೆಯ ಓಕುಳಿ ನೀರು ನೆನೆಸಿಕೊಳ್ಳಿ, ಹಳದಿ ನೀರಿಗೆ ಚೂರು ಸುಣ್ಣ ಬಿದ್ದೊಡನೆ ಕೆಂಪು. ಈಗ ಅಗ್ಗದ ಕುಂಕುಮದಲ್ಲಿ ಅರಿಶಿನವೇ ಇರುವುದಿಲ್ಲ, ಯಾವುದೋ ಬಿಳಿ ಪುಡಿಗೆ ಕೃತಕ ಬಣ್ಣ. 1980ರ ದಶಕದಲ್ಲಿ ಸಿಂಗಪುರದಲ್ಲಿ ಕುಂಕುಮ ಇಟ್ಟು ಹಣೆ ಕಪ್ಪಾದವರನ್ನು ಚರ್ಮದ ವೈದ್ಯರು ಪರೀಕ್ಷಿಸಿದರು. ಅಲರ್ಜಿಗೆ ಕಾರಣವಾಗಿ ಸಿಕ್ಕವುಗಳಲ್ಲಿ ಬ್ರಿಲಿಯಂಟ್ ಲೇಕ್ ರೆಡ್ ಎಂಬ ಅಜೋ ಕೆಂಪೂ ನಮ್ಮ ಸೂಡಾನ್-1 ಕೂಡ ಇದ್ದವು. ಎಣ್ಣೆಯಲ್ಲಿ ಕರಗುವ ಬಣ್ಣ, ಹಣೆಯ ಜಿಡ್ಡಿನಲ್ಲಿ ಕರಗಿ ಚರ್ಮಕ್ಕೆ ಇಳಿಯದೆ ಇರುತ್ತದೆಯೇ? (ಸ್ಟಿಕ್ಕರ್ ಬೊಟ್ಟಿನಿಂದ ಬಿಳಿ ಮಚ್ಚೆ ಬರುವುದು ಬೇರೆ ವಿಷಯ, ಅದು ಅಂಟಿನ ದೋಷ.)

ನಾವು ಹೀಗೆ ಮಾಡಿದೆವು. ಅರಿಶಿನದ ಕೊಂಬು ತಂದು ಒಣಗಿಸಿ ಪುಡಿಮಾಡಿ ವಸ್ತ್ರಗಾಳಿತ ಮಾಡಿದೆವು. ಎಲೆಗೆ ಹಾಕುವ ಸುಣ್ಣವನ್ನು ನೀರಿನಲ್ಲಿ ಕದಡಿ ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿನೀರನ್ನು ಮಾತ್ರ ಪುಡಿಗೆ ಚಿಮುಕಿಸಿ ಕಲೆಸಿ, ನೆರಳಿನಲ್ಲಿ ಒಣಗಿಸಿದೆವು. ಅಂಗಡಿಯ ಕಡುಗೆಂಪು ಬರುವುದಿಲ್ಲ, ಇಟ್ಟಿಗೆ ಕೆಂಪು ಬರುತ್ತದೆ. ಬೆವರಿದರೆ ಮತ್ತೆ ಹಳದಿಗೆ ತಿರುಗುತ್ತದೆ. ಆದರೆ ಅತ್ತೆಯವರೇ ಮುಂದೆ ನಿಂತು ಮಾಡಿಸಿದರು, ದೇವರ ಮುಂದೆ ಇಟ್ಟು ಸೊಸೆಯ ಹಣೆಗೆ ಹಚ್ಚಿದರು. ಕಲೆ ತಿಳಿಯಾಗಲು ವರ್ಷದ ಮೇಲೆ ಹಿಡಿಯಿತು. ನಿಮಗೂ ಹೀಗಿದ್ದರೆ ಮೊದಲು ಡಾಕ್ಟರಿಗೆ ತೋರಿಸಿ, ನವೆ ಪೂರ್ತಿ ನಿಂತಮೇಲೆ ಮೊಣಕೈ ಒಳಭಾಗಕ್ಕೆ ಎರಡು ದಿನ ಹಚ್ಚಿ ನೋಡಿ, ಆಮೇಲೆ ಹಣೆಗೆ. ಕೆಲವರಿಗೆ ಅರಿಶಿನವೂ ಆಗುವುದಿಲ್ಲ.

ಸೀರೆ ಪ್ರಶ್ನೆಗೆ ಉದ್ದುದ್ದ ಹೇಳಬೇಕಾಗಿಲ್ಲ. ಕತ್ತರಿಸಿದರೆ ಕೆಟ್ಟ ತುಂಡು ಕೊಡುವ ಬಟ್ಟೆಯ ಬಣ್ಣಗಳನ್ನು ಜರ್ಮನಿ 1994ರಲ್ಲಿ ತಡೆಯಿತು, ನಮ್ಮ ಸರ್ಕಾರ 1997ರ ಹೊತ್ತಿಗೆ ಬೆನ್ಜಿಡಿನ್ ಬಗೆಯವೂ ಸೇರಿ ಒಟ್ಟು 112 ಬಣ್ಣಗಳನ್ನು ನಿಷೇಧಿಸಿತ್ತು. ಉಳಿದ ಅಜೋ ಬಣ್ಣಗಳ ಸೀರೆ ಉಡುವುದಕ್ಕೆ ಹೆದರಬೇಕಾಗಿಲ್ಲ, ನಾದಿನಿಗೆ ಹೇಳಿ. ಹೊಸ ಸೀರೆ, ಮಗುವಿನ ಅಂಗಿ ಒಂದು ಸಲ ಒಗೆದೇ ಉಡಿ, ತೊಡಿಸಿ. ಹತ್ತಿ ಸೀರೆಯ ಬಣ್ಣ ಬಿಡುವಂತಿದ್ದರೆ ಮೊದಲ ಎರಡು ಮೂರು ಸಲ ತಣ್ಣೀರಿಗೆ ಹಿಡಿ ಉಪ್ಪು ಹಾಕಿ ಜಾಲಿಸಿ. ಉಪ್ಪು ಬಣ್ಣವನ್ನು ನೀರಿಗೆ ಬಿಡದೆ ನೂಲಿನ ಕಡೆಗೇ ತಳ್ಳುತ್ತದೆ. ಇದು ಆ ಹೊತ್ತಿನ ಉಪಾಯ ಅಷ್ಟೇ, ಉಪ್ಪಿನಿಂದ ಬಣ್ಣ ಶಾಶ್ವತವಾಗಿ ನಿಲ್ಲುವುದಿಲ್ಲ. ರೇಷ್ಮೆಗೆ ಉಪ್ಪು ಬೇಡ, ಕೊನೆಯ ನೀರಿಗೆ ನಾಲ್ಕು ತೊಟ್ಟು ವಿನಿಗರ್ ಸಾಕು.

ಮನೆಯಲ್ಲಿ ಕಲಬೆರಕೆ ಕಂಡುಹಿಡಿಯುವುದು ಹೇಗೆ ಅಂತ ಬಹಳ ಜನ ಕೇಳುತ್ತೀರಿ. ಒಂದು ಲೋಟ ನೀರಿಗೆ ಅರ್ಧ ಚಮಚ ಅರಿಶಿನ ಉದುರಿಸಿ ಕದಡದೆ ಬಿಡಿ. ಒಳ್ಳೆಯದಾದರೆ ಪುಡಿ ತಳಕ್ಕೆ ಇಳಿದು ನೀರು ತೆಳುಹಳದಿಯಾಗುತ್ತದೆ. ಬಣ್ಣ ಬೆರೆತಿದ್ದರೆ ನೀರೇ ಗಾಢ ಹಳದಿ. ಮೆಣಸಿನ ಪುಡಿ ಉದುರಿಸಿದಾಗ ಕೆಂಪು ಗೆರೆಗೆರೆಯಾಗಿ ಇಳಿದರೆ ಅನುಮಾನ ಪಡಿ. ಆದರೆ ಒಂದು ಮಾತು: ಇದು ನೀರಿನಲ್ಲಿ ಕರಗುವ ಬಣ್ಣಕ್ಕೆ ಮಾತ್ರ. ಮೆಣಸಿನ ಪುಡಿಯ ದೊಡ್ಡ ಕಳ್ಳ ಸೂಡಾನ್, ಅದು ನೀರಿಗೆ ಬರುವುದೇ ಇಲ್ಲ! ಎಣ್ಣೆಗೆ ಹಾಕಿದರೆ ಮೆಣಸಿನ ಸ್ವಂತ ಬಣ್ಣವೂ ಬಿಡುತ್ತದೆ, ಸೂಡಾನೂ ಬಿಡುತ್ತದೆ, ಕಣ್ಣಿಗೆ ವ್ಯತ್ಯಾಸ ತಿಳಿಯದು. 2003ರಲ್ಲಿ ನಮ್ಮ ದೇಶದಿಂದ ಹೋದ ಮೆಣಸಿನ ಪುಡಿಯಲ್ಲಿ ಯೂರೋಪಿನವರು ಪ್ರಯೋಗಶಾಲೆಯಲ್ಲೇ ಅದನ್ನು ಹಿಡಿದರು. 2005ರಲ್ಲಿ ಬ್ರಿಟನ್ನಿನಲ್ಲಿ ಅಂಥ ಪುಡಿ ಸೇರಿದ್ದ ಒಂದು ಸಾಸಿನಿಂದಾಗಿ 400ಕ್ಕೂ ಹೆಚ್ಚು ಬಗೆಯ ತಿಂಡಿಗಳನ್ನು ಅಂಗಡಿಗಳಿಂದ ವಾಪಸು ತೆಗೆಸಿದರು. ನಮಗಿರುವ ದಾರಿ ಒಂದೇ, ಇಡೀ ಮೆಣಸಿನಕಾಯಿ ತಂದು ಒಣಗಿಸಿ ಮಿಲ್ಲಿನಲ್ಲಿ ನಮ್ಮ ಕಣ್ಣೆದುರು ಪುಡಿ ಮಾಡಿಸುವುದು.

ನಮ್ಮ ಯಡಿಯೂರು ಕೆರೆಯ ಸುತ್ತ ಸಂಜೆ ವಾಕಿಂಗ್ ಮುಗಿಸಿ ಬರುವಾಗ ಮಕ್ಕಳು ಗೋಬಿ ಬೇಕೇ ಬೇಕು ಅಂತ ಸೆರಗು ಜಗ್ಗುತ್ತಾರೆ. ಮನೆಯಲ್ಲಿ ಮಾಡುವವರಿಗೆ ಬ್ಯಾಡಗಿ ಮೆಣಸಿನಕಾಯಿ ಇರುವಾಗ ಬಣ್ಣದ ಪೊಟ್ಟಣ ಯಾಕೆ? ಖಾರ ಕಡಿಮೆ, ಕೆಂಪು ಹೆಚ್ಚು. ಅದರ ಬಣ್ಣದ ಸಾರ ತೆಗೆದು ಹೊರದೇಶಗಳಿಗೆ ಕಳಿಸುತ್ತಾರೆ. ಹತ್ತು ಬ್ಯಾಡಗಿ ಬೀಜ ತೆಗೆದು ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಆರು ಎಸಳು ಬೆಳ್ಳುಳ್ಳಿ, ಚೂರು ಶುಂಠಿ ಸೇರಿಸಿ ನುಣ್ಣಗೆ ರುಬ್ಬಿ. ಹೂಕೋಸನ್ನು ಬಿಡಿಸಿ ಉಪ್ಪು ಅರಿಶಿನದ ಬಿಸಿನೀರಿನಲ್ಲಿ ಐದು ನಿಮಿಷ ಬಿಟ್ಟು ಬಸಿಯಿರಿ. ನಾಲ್ಕು ಚಮಚ ಮೈದಾ, ಎರಡು ಚಮಚ ಕಾರ್ನ್‌ಫ್ಲೋರ್, ಉಪ್ಪು, ರುಬ್ಬಿದ್ದರಲ್ಲಿ ಅರ್ಧ ಕಲೆಸಿ ಹೂಕೋಸು ಅದ್ದಿ ಕರಿಯಿರಿ. ಉಳಿದರ್ಧವನ್ನು ಬಾಣಲೆಯಲ್ಲಿ ಎರಡು ಚಮಚ ಎಣ್ಣೆಗೆ ಹಾಕಿ ಸಣ್ಣ ಉರಿಯಲ್ಲಿ ಎಣ್ಣೆ ಕೆಂಪಗೆ ಬಿಡುವತನಕ ಬಾಡಿಸಿ. ಇದನ್ನು ಅವಸರ ಮಾಡಬೇಡಿ, ಮೆಣಸಿನ ಬಣ್ಣ ಎಣ್ಣೆಗೇ ಇಳಿಯುವಂಥದು. ಆಮೇಲೆ ಈರುಳ್ಳಿ, ದೊಣ್ಣೆ ಮೆಣಸಿನಕಾಯಿ, ಚಮಚ ಸೋಯಾ ಸಾಸ್, ಕರಿದ ಹೂಕೋಸು. ಬೀಟ್‌ರೂಟ್ ರಸ ಹಾಕಿ ಅಂತ ಕೆಲವರು ಹೇಳುತ್ತಾರೆ, ಅದು ಕರಿದಾಗ ಕಂದಾಗುತ್ತದೆ, ಪ್ರಯೋಜನವಿಲ್ಲ.

ಕೇಸರಿಬಾತಿಗೆ ಹತ್ತು ಎಸಳು ಕೇಸರಿಯನ್ನು ಬೆಚ್ಚಗಿನ ಹಾಲಿನಲ್ಲಿ ಅರ್ಧ ಗಂಟೆ ನೆನೆಸಿ ಕೊನೆಯಲ್ಲಿ ಹಾಕಿ. ಕೇಸರಿ ದುಬಾರಿ ಅನ್ನುವವರು ರವೆ ಹುರಿಯುವ ತುಪ್ಪಕ್ಕೇ ಕಡಲೆಕಾಳಿನಷ್ಟು ಅರಿಶಿನ ಹಾಕಿ ಬಿಸಿಮಾಡಿ. ತುಪ್ಪದಲ್ಲಿ ಅದರ ಹಸಿ ವಾಸನೆ ಹೋಗಿ, ರವೆ ಅನಾನಸ್ ಹಣ್ಣಿನ ಬಣ್ಣಕ್ಕೆ ಬರುತ್ತದೆ. ನೆಂಟರು ಬಂದಾಗ ನಾನು ನಾಲ್ಕು ಹೋಳು ಅನಾನಸ್ಸನ್ನೂ ಸೇರಿಸುತ್ತೇನೆ, ಬಣ್ಣ ಹಾಕಿಲ್ಲವೇ ಅಂತ ಯಾರೂ ಕೇಳಿದ್ದಿಲ್ಲ.

ಮುಂದಿನ ಸಂಚಿಕೆಯಲ್ಲಿ ಹಸಿರು ಬಟಾಣಿಯ ಬಣ್ಣದ ವಿಷಯ. ತಿಪಟೂರಿನಿಂದ ಆ ಬಗ್ಗೆ ಕಾಗದ ಬರೆದ ಇಬ್ಬರು ಸೋದರಿಯರೂ ಅಲ್ಲಿಯವರೆಗೆ ದಯಮಾಡಿ ಕಾಯಬೇಕು.